ಹಿಂದಿನ ಸೀಟಿಗೆ ಎಷ್ಟು ವಿಮೆ?

ನನ್ನ ಗಂಡನ ಕಾಲಿನ ಹೆಬ್ಬೆರಳಿಗೆ ಒಂದು ರೇಟು ಇದೆ ಎಂಬುದು ಹೋದ ತಿಂಗಳವರೆಗೂ ನನಗೆ ಗೊತ್ತಿರಲಿಲ್ಲ.

ಉಳಿದ ಬೆರಳುಗಳಿಗೆ ಅದಕ್ಕಿಂತ ಕಡಿಮೆ. ಕೈಯ ಹೆಬ್ಬೆರಳಿಗೆ ಅದಕ್ಕಿಂತ ಜಾಸ್ತಿ. ಮೊಣಕೈವರೆಗೆ ಹೋದರೆ ಇಷ್ಟು, ಭುಜದವರೆಗೂ ಹೋದರೆ ಇಷ್ಟು. ಕಣ್ಣಿಗೆ ಬೇರೆ, ಕಿವಿಗೆ ಬೇರೆ. ಮೂಗಿಗೂ ಇದೆ (ವಾಸನೆ ತಿಳಿಯದಂತಾದರೆ). ಜರ್ಮನಿಯ ಅಪಘಾತ ವಿಮೆಯಲ್ಲಿ ಮನುಷ್ಯನ ದೇಹಕ್ಕೆ ಹೀಗೊಂದು ಪಟ್ಟಿ ಇರುತ್ತದೆ, ಹೋಟೆಲ್ ಗೋಡೆಯ ಮೇಲಿನ ತಿಂಡಿ ಪಟ್ಟಿಯ ಹಾಗೆ.

ಸಿಂಡೆಲ್‌ಫಿಂಗೆನ್‌ನ ನಮ್ಮ ಅಡುಗೆಮನೆಯಲ್ಲಿ ಕೂತು ಫ್ರಾವ್ ಬ್ರೆಂಡ್ಲೆ (ಫ್ರಾವ್ ಎಂದರೆ ಇಲ್ಲಿ ಶ್ರೀಮತಿ) ಎಂಬ ವಿಮಾ ಏಜೆಂಟ್ ಅದನ್ನು ಓದುತ್ತಾ ಹೋದರು. ನಡುನಡುವೆ ನಾನು ಇಟ್ಟಿದ್ದ ಚಕ್ಕುಲಿಯನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮೊಣಕಾಲು. ಕಟುಂ. ಪಾದ. ಕಟುಂ. ನಾನು ಟೇಬಲ್ ಕೆಳಗೆ ಗಂಡನ ಕಾಲನ್ನೇ ನೋಡುತ್ತಿದ್ದೆ. ಎರಡೂ ಕಾಲು ಇದ್ದವು. ಆದರೂ ಇನ್ನೊಮ್ಮೆ ಎಣಿಸಿದೆ.

ಇಷ್ಟಕ್ಕೆಲ್ಲ ಕಾರಣ ಒಂದು ಸ್ನೋಮೊಬೈಲ್. ನೋಡದವರಿಗೆ ಹೇಳುತ್ತೇನೆ: ಮುಂದೆ ಎರಡು ಸ್ಕೀ ಹಲಗೆ, ಹಿಂದೆ ಯುದ್ಧದ ಟ್ಯಾಂಕಿಗಿರುವಂಥ ಪಟ್ಟಿ, ಮೇಲೆ ಬೈಕಿನ ಸೀಟು. ಹಿಮದ ಮೇಲೆ ಓಡುವ ಬೈಕ್ ಅನ್ನಿ. ಜರ್ಮನಿಯಲ್ಲಿ ಇದನ್ನು ಶೋಕಿಗೆ ಓಡಿಸುವ ಹಾಗಿಲ್ಲ, ಎಲ್ಲದಕ್ಕೂ ಪರ್ಮಿಶನ್ ಬೇಕು. ನನ್ನ ದುರದೃಷ್ಟಕ್ಕೆ ಗಿರೀಶನಿಗೆ ಆ ಪರ್ಮಿಶನ್ ಸಿಕ್ಕಿತು.

ಗಿರೀಶ ಎಂದರೆ ನನ್ನ ಗಂಡ. ಹುಬ್ಬಳ್ಳಿಯವರು, ಕಾರ್ ಫ್ಯಾಕ್ಟರಿಯಲ್ಲಿ ಎಂಜಿನ್ ವಿಭಾಗದ ಎಂಜಿನಿಯರ್. ಅವರ ಸಹೋದ್ಯೋಗಿಯೊಬ್ಬರ ಊರು ಆಲ್ಬ್ ಗುಡ್ಡದ ಮೇಲಿದೆ. ಅಲ್ಲಿನ ಸ್ಕೀ ಕ್ಲಬ್ಬಿನ ಹಳೆಯ ಸ್ನೋಮೊಬೈಲ್ ಸ್ಟಾರ್ಟ್ ಆಗುತ್ತಿಲ್ಲ ಎಂದು ಇವರನ್ನು ಕರೆದುಕೊಂಡು ಹೋದರು. ಇವರು ಕಾರ್ಬೊರೇಟರ್ ಬಿಚ್ಚಿ ಸರಿ ಮಾಡಿದರು. ಈ ದೇಶದಲ್ಲಿ ರಿಪೇರಿ ಮಾಡಿದವರಿಗೆ ಕೂಲಿ ಕೊಡುವುದಿಲ್ಲ, ಕ್ಲಬ್ಬಿನ ಸದಸ್ಯತ್ವ ಕೊಡುತ್ತಾರೆ. ಸದಸ್ಯರಾದ ಮೇಲೆ ಡ್ಯೂಟಿ. ಹಿಮ ಬಿದ್ದ ಶನಿವಾರ ಬೆಳಿಗ್ಗೆ ಆ ಗಾಡಿಗೆ ಭಾರದ ಹಲಗೆ ಕಟ್ಟಿ ಕಾಡಿನೊಳಗೆ ಎಳೆದು, ಸ್ಕೀ ಮಾಡುವವರಿಗೆ ದಾರಿ ಕೊರೆದು ಬರಬೇಕು. ಹಿಂದಿನ ಸೀಟಿನಲ್ಲಿ ಇನ್ನೊಬ್ಬರು ಕೂತು, ದಾರಿಗೆ ಬಿದ್ದ ಟೊಂಗೆಗಳನ್ನು ಇಳಿದಿಳಿದು ಎತ್ತಿ ಹಾಕಬೇಕು.

"ನಾನ್ ಹೋಗ್ತೀನಿ," ಎಂದಳು ಮಗಳು ಅನ್ವಿತಾ. ಹದಿನಾರು ವರ್ಷ. ಬೆಳಿಗ್ಗೆ ಶಾಲೆಗೆ ಎಬ್ಬಿಸಬೇಕಾದರೆ ಮನೆ ಮಂದಿಯೆಲ್ಲ ಸೇರಬೇಕು. ಇದಕ್ಕೆ ಮಾತ್ರ ಅಲಾರಂ ಇಟ್ಟುಕೊಂಡು ಏಳುತ್ತಾಳಂತೆ.

ನಾನು ಪುಕ್ಕಲಿ. ಇದನ್ನು ನನ್ನ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಹಿಮ ಬಿದ್ದ ದಿನ ಬಸ್ ಸ್ಟಾಪಿನವರೆಗೆ ಬೇಲಿ ಹಿಡಿದುಕೊಂಡು ಹೋಗುವವಳು. ಅಂಥವಳಿಗೆ ಗಂಡ, ಮಗಳು ಇಬ್ಬರೂ ಒಂದೇ ಗಾಡಿಯ ಮೇಲೆ ಕೂತು ಕಾಡಿನೊಳಗೆ ಹೋಗುತ್ತಾರೆ ಎಂದರೆ ಊಟ ಹೇಗೆ ಇಳಿಯಬೇಕು?

ಊರಿಂದ ಬಂದಿದ್ದ ನನ್ನ ಅತ್ತೆ ತಮಗೆ ತಿಳಿದ ವಿಮೆ ಮಾಡಿಸಿದರು. ಗಾಡಿಗೆ ಪೂಜೆ. ಕುಂಕುಮ ಹಚ್ಚಿದರು, ಊದಿನಕಡ್ಡಿ ಬೆಳಗಿದರು (ಗಾಳಿಗೆ ನಾಲ್ಕು ಸಲ ಆರಿತು). ಆಮೇಲೆ ನಿಂಬೆಹಣ್ಣು ಹಿಡಿದು ಗಾಡಿಯ ಸುತ್ತ ಎರಡು ಸುತ್ತು ಬಂದರು.

"ಇದಕ್ಕ ಗಾಲಿನ ಇಲ್ಲಲ್ಲೋ ಗಿರೀಶ. ಹಣ್ಣು ಎಲ್ಲಿಡ್ಲಿ?"

ಕೊನೆಗೆ ಸ್ಕೀ ಹಲಗೆಯ ಮುಂದೆ ಇಟ್ಟರು. ಗಿರೀಶ ನಿಧಾನಕ್ಕೆ ಗಾಡಿ ಮುಂದೆ ಬಿಟ್ಟರು. ನಿಂಬೆಹಣ್ಣು ಒಡೆಯಲಿಲ್ಲ. ಮೆತ್ತನೆಯ ಹಿಮದೊಳಗೆ ಇಡಿಯಾಗಿ ಇಳಿದುಹೋಯಿತು. ಕೆದಕಿ ನೋಡಿದರೆ ಒಂದು ಗೀರೂ ಇಲ್ಲ. ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಕಾರಿನಲ್ಲಿ ಮನೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ, ಕೇಳಿದರೆ ಉತ್ತರ ಹೇಳಿಬಿಟ್ಟಾರು ಎಂಬ ಭಯ.

ಅದಾದ ವಾರಕ್ಕೇ ಫ್ರಾವ್ ಬ್ರೆಂಡ್ಲೆ ಬಂದದ್ದು. ಅವರೂ ಕ್ಲಬ್ಬಿನ ಸದಸ್ಯೆಯೇ. ಗಾಡಿ ಬೇರೆಯವರಿಗೆ ಬಡಿದರೆ ಅದರ ಹೊಣೆ ಕ್ಲಬ್ಬಿನ ವಿಮೆಯದು. ಆದರೆ ಗಾಡಿಯ ಮೇಲೆ ಕೂತವರ ಮೈಗೆ ಏನಾದರೂ ಆದರೆ? ಅದಕ್ಕೆ ಎಷ್ಟು ಬೇಕು, ಯಾರ ಹೆಸರಿಗೆ ಬೇಕು, ನೀವೇ ನಿರ್ಧರಿಸಿ ಎಂದರು.

ನಿರ್ಧರಿಸುವುದು! ಊರಿನಲ್ಲಿ ನಾವು ವಿಮೆ ಮಾಡಿಸುತ್ತಿದ್ದದ್ದು ಮಾರ್ಚ್ ತಿಂಗಳಲ್ಲಿ, ಟ್ಯಾಕ್ಸ್ ಉಳಿಸಲಿಕ್ಕೆ. ಏಜೆಂಟ್ ಅಂಕಲ್ ಒಂದು ಸಲವೂ ಸಾವು ಎಂಬ ಮಾತು ಎತ್ತಿದವರಲ್ಲ. "ಮೆಚ್ಯೂರ್ ಆದಾಗ ಮಗಳ ಮದುವಿಗೆ ಬರ್ತದ್ರೀ," ಎನ್ನುತ್ತಿದ್ದರು. ಬಹಳ ಒತ್ತಾಯ ಮಾಡಿದರೆ "ಹೆಚ್ಚೂಕಡಿಮಿ ಆದ್ರ," ಎಂದು ದನಿ ತಗ್ಗಿಸುತ್ತಿದ್ದರು. ಈ ಬ್ರೆಂಡ್ಲೆಯಮ್ಮ ನೋಡಿದರೆ ಹವಾಮಾನ ವರದಿ ಓದುವವರ ಹಾಗೆ ಓದುತ್ತಿದ್ದಾರೆ. ಗಿರೀಶ ಅದನ್ನು ಸಾಲುಸಾಲಾಗಿ ಕನ್ನಡ ಮಾಡಿ ತಮ್ಮ ಅವ್ವನಿಗೆ ಬೇರೆ ಹೇಳುತ್ತಿದ್ದಾರೆ.

"ಬಿಡ್ತು ಅನ್ನೋ," ಅತ್ತೆ ಗದರಿದರು. "ದೀಪ ಹಚ್ಚೂ ಹೊತ್ತಿನ್ಯಾಗ ಏನ್ ಮಾತು ಇವು?"

ನಮ್ಮ ಮನೆಗಳಲ್ಲಿ ಇದೊಂದು ಇದೆಯಲ್ಲ. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಆಡಿದ ಕೆಟ್ಟ ಮಾತಿಗೆ ಅಸ್ತು ಎಂದುಬಿಡುತ್ತಾರೆ. ಹಾಗಾಗಿ ಬಾಯಿ ತಪ್ಪಿ ಅಂದರೂ ತಕ್ಷಣ ಬಿಡ್ತು ಅನ್ನಬೇಕು. ನಾನು ಎಂ.ಎಸ್ಸಿ. ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ಆದರೆ ಆ ದೇವತೆಗಳಿಗೆ ಜರ್ಮನ್ ಬರುವುದಿಲ್ಲ ಎಂದು ಗ್ಯಾರಂಟಿ ಕೊಡುವವರು ಯಾರು?

ಗಿರೀಶನ ಮೊತ್ತಕ್ಕೆ ಬಹಳ ಚರ್ಚೆ ಆಯಿತು. ಮನೆಯ ಸಾಲ, ಮಗಳ ಓದು, ಎಲ್ಲ ಲೆಕ್ಕ ಹಾಕಿ ಗಟ್ಟಿ ಮೊತ್ತವನ್ನೇ ಹಾಕಿದೆವು. ಆಮೇಲೆ ಫ್ರಾವ್ ಬ್ರೆಂಡ್ಲೆ ಪುಟ ತಿರುವಿದರು. ಮರಣ ಸಂಭವಿಸಿದಲ್ಲಿ ಎಂಬ ಸಾಲು ಓದಿ, ಅದೇ ಉಸಿರಿನಲ್ಲಿ ಕೇಳಿದರು: "ಹಿಂದಿನ ಸೀಟು? ಯಾರ ಹೆಸರು?"

ಆ ಸಾಲಿನ ಹಿಂದೆಯೇ ನನ್ನ ಮಗಳ ಹೆಸರು ಹೇಳಬೇಕಿತ್ತು. ಅವಳು ಪಕ್ಕದ ಕೋಣೆಯಲ್ಲಿ ಯಾವುದೋ ಹಾಡಿಗೆ ಕಾಲು ಕುಟ್ಟುತ್ತಿದ್ದಳು, ಆ ಸದ್ದು ಕೇಳುತ್ತಿತ್ತು.

"ನಾನೇ," ಎಂದೆ.

ಗಿರೀಶ ತಿರುಗಿ ನೋಡಿದರು. ಫ್ರಾವ್ ಬ್ರೆಂಡ್ಲೆ ಕನ್ನಡಕದ ಮೇಲಿನಿಂದ ನೋಡಿದರು. "ನೀವಾ?" ಎಂದರು. ಹೌದು ಎಂದೆ. ಮೊತ್ತ? ಎಲ್ಲಕ್ಕಿಂತ ಕೆಳಗಿನದು ಸಾಕು, ನನಗ್ಯಾಕೆ ಸುಮ್ಮನೆ ಎಂದೆ. ಅವರು ಇನ್ನೊಂದು ಸಲ ಕೇಳಿ, ಬರೆದುಕೊಂಡರು.

ಅವರು ಅತ್ತ ಹೋಗುತ್ತಲೇ ಗಿರೀಶ ಶುರು ಮಾಡಿದರು. "ನೀ ಕೂಡಾಕಿ ಏನು ಅದರ ಮ್ಯಾಲೆ? ಎಸ್ಕಲೇಟರ್ ಹತ್ತೂಮುಂದ ನನ್ನ ತೋಳು ಹಿಡೀತಿ."

"ಆ ಪಟ್ಟಿ ಕೆಳಗ ಹುಡುಗಿ ಹೆಸರು ಬರಸೂದು ನನಗ ಆಗಂಗಿಲ್ರೀ. ಬರೂದಿದ್ರ ನನಗ ಬರ್ಲಿ."

ಸುಳ್ಳು ಹೇಳಿದರೆ ವಿಮೆ ಸಿಗುವುದಿಲ್ಲ ಎಂದು ಅವರು ವಾದಿಸುತ್ತಾರೆ ಎಂದುಕೊಂಡಿದ್ದೆ. ವಾದಿಸಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ "ಇರ್ಲಿ ಬಿಡು" ಎಂದರು. ಎಂಜಿನ್‌ನ ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಪರೀಕ್ಷಿಸುವ ಮನುಷ್ಯ! ಅತ್ತೆ ನನ್ನ ತಲೆ ಸವರಿ "ಛಲೋ ಮಾಡಿದಿವಾ" ಎಂದರು. ಮಕ್ಕಳ ದೃಷ್ಟಿ ತೆಗೆದು ಅದನ್ನು ತಮ್ಮ ಹಣೆಗೆ ಒತ್ತಿ ಲಟಿಕೆ ಮುರಿದುಕೊಳ್ಳುವುದನ್ನು ಜೀವಮಾನವಿಡೀ ಮಾಡಿದವರು ಅವರು. ನಾನು ಮಾಡಿದ್ದೂ ಅದನ್ನೇ, ಸ್ವಲ್ಪ ಜರ್ಮನ್ ಶೈಲಿಯಲ್ಲಿ.

ಮೊದಮೊದಲು ಏನೂ ಆಗಲಿಲ್ಲ. ಅಪ್ಪ ಮಗಳು ಕೆಂಪು ಮೂಗು ಮಾಡಿಕೊಂಡು ನಗುತ್ತಾ ಬರುತ್ತಿದ್ದರು. ನನ್ನ ಉಪಾಯ ಫಲಿಸಿದೆ ಎಂದೇ ತಿಳಿದಿದ್ದೆ.

ಹೋದ ಶನಿವಾರ ಎಂದಿನಂತೆ ನಾನೂ ಹೋಗಿದ್ದೆ. ಕ್ಲಬ್ಬಿನ ಮರದ ಮನೆಯಲ್ಲಿ ಕೂತು ಕಾಯುವುದು ನನ್ನ ಕೆಲಸ. ಅವತ್ತು ಜೊತೆಗೆ ಫ್ರಾವ್ ಬ್ರೆಂಡ್ಲೆ, ಸ್ಕೀ ಮಾಡಲು ಬರುವವರಿಗೆ ಸೂಪ್ ಕಾಯಿಸುತ್ತಿದ್ದರು. ಹಿಂದೆ ಹತ್ತಿ ಕೂತವಳು ಅನ್ವಿತಾ ಎಂಬುದು ಅವರಿಗೂ ಕಂಡಿತು. ನನ್ನನ್ನೊಮ್ಮೆ ನೋಡಿ ಸೂಪು ತಿರುವಿದರು.

ಹೊರಗೆ ಮಂಜು. ಗಾಡಿ ಕಾಣುವುದಿಲ್ಲ, ಸದ್ದಷ್ಟೇ. ಮರ ಕೊಯ್ಯುವ ಯಂತ್ರದಂಥ ಕರ್ಕಶ ಸದ್ದು. ನಾನು ಆ ಸದ್ದನ್ನು ಹಿಡಿದುಕೊಂಡೇ ಕೂತಿರುತ್ತೇನೆ. ಗುಡ್ಡದ ಹಿಂದೆ ಹೋದಾಗ ಸಣ್ಣದಾಗುತ್ತದೆ, ಮತ್ತೆ ದೊಡ್ಡದಾಗುತ್ತದೆ, ನಾನು ಉಸಿರು ಬಿಡುತ್ತೇನೆ. ಅವತ್ತು ಸಣ್ಣದಾಯಿತು. ಆಮೇಲೆ ಒಮ್ಮೆ ಕಿರುಚಿದಂತಾಗಿ ನಿಂತುಹೋಯಿತು.

"ಟೊಂಗೆ ಎತ್ತುತ್ತಿರಬೇಕು," ಎಂದರು ಫ್ರಾವ್ ಬ್ರೆಂಡ್ಲೆ.

ಟೊಂಗೆ ಎತ್ತಲು ಎಂಜಿನ್ ಆಫ್ ಮಾಡುವುದಿಲ್ಲ, ಅದು ನನಗೆ ಗೊತ್ತಿತ್ತು. ಫೋನ್ ಮಾಡಿದೆ. ಕಾಡಿನೊಳಗೆ ನೆಟ್‌ವರ್ಕ್ ಇಲ್ಲ. ಮತ್ತೆ ಮಾಡಿದೆ. ಚಪ್ಪಲಿಯಲ್ಲೇ ಹೊರಗೆ ಬಂದು ಕೂಗಿದೆ, ನನ್ನ ದನಿ ಹಿಮದೊಳಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ಆಗ ದೇವರ ಹೆಸರು ನೆನಪಾಗಲಿಲ್ಲ. ಆ ಪಟ್ಟಿ ನೆನಪಾಯಿತು. ಮೊಣಕಾಲು, ಪಾದ, ಕಣ್ಣು. ಒಂದೊಂದೇ ಅಂಗ ನನ್ನ ಮಗಳದಾಗಿ ಕಣ್ಣ ಮುಂದೆ ಬಂತು. ಬಂದರೆ ನನಗೆ ಬರಲಿ ಎಂದಿದ್ದೆನಲ್ಲ? ಹೆಸರು ಕೊಟ್ಟು ನಾನು ಒಲೆಯ ಪಕ್ಕ ಬೆಚ್ಚಗೆ ಕೂತಿದ್ದೆ. ಸೀಟಿನ ಮೇಲೆ ಕೂತವಳು ಅವಳು.

ಎಷ್ಟು ಹೊತ್ತಾಯಿತೋ. ಮಂಜಿನಲ್ಲಿ ಒಂದು ಆಕೃತಿ ಕಂಡಿತು. ಒಂದೇ ಒಂದು. ಯಾರು ಎಂದು ಗುರುತು ಹತ್ತುವ ತನಕದ ಆ ಹೊತ್ತನ್ನು ನಾನು ಯಾವ ಶತ್ರುವಿಗೂ ಬಯಸುವುದಿಲ್ಲ. ಗಂಡನಾದರೆ ಮಗಳೆಲ್ಲಿ? ಮಗಳಾದರೆ ಗಂಡನೆಲ್ಲಿ? ಇಬ್ಬರಲ್ಲಿ ಯಾರು ಬಂದರೆ ಒಳ್ಳೆಯದು ಎಂದು ಮನಸ್ಸು ಒಂದು ಕ್ಷಣ ಆರಿಸಿಯೂ ಬಿಟ್ಟಿತು. ಯಾರನ್ನು ಆರಿಸಿತು ಎಂದು ಇಲ್ಲಿ ಬರೆಯಲಾರೆ.

ಅನ್ವಿತಾ. ಹೆಲ್ಮೆಟ್ ಬಗಲಿಗೆ ಸಿಕ್ಕಿಸಿಕೊಂಡು ನಡೆದು ಬರುತ್ತಿದ್ದಳು.

"ಪಪ್ಪಾ ಎಲ್ಲಿ?"

"ಆಲ್ಲೆಸ್ ಗೂಟ್, ಅಮ್ಮಾ. ಗಾಡಿ ಹಳ್ಳಕ್ಕ ವಾಲಿತು. ಪಪ್ಪಾ ಅಲ್ಲೇ ಅದಾರ. ಹಗ್ಗ, ಸಲಿಕಿ ಬೇಕಂತ."

ಎಲ್ಲ ಸರಿ ಇದೆ ಎಂದವಳು ಎಡಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಎಳೆದು ನೋಡಿದೆ. ಮಣಿಕಟ್ಟು ಊದಿಕೊಂಡಿತ್ತು. ಗಾಡಿ ವಾಲಿದಾಗ ಹಿಂದಿನಿಂದ ಹಾರಿ ಬಿದ್ದಿದ್ದಾಳೆ. ಬಿದ್ದ ಜಾಗದ ಪಕ್ಕದಲ್ಲೇ ಕಡಿದ ಮರದ ಬೊಡ್ಡೆ ಇತ್ತಂತೆ. ಅದನ್ನು ಅವಳು ಹೇಳಲಿಲ್ಲ, ಸಂಜೆ ಗಿರೀಶ ಹೇಳಿದರು.

ಮೂಳೆ ಮುರಿದಿಲ್ಲ, ಉಳುಕಷ್ಟೇ ಎಂದರು ಡಾಕ್ಟರ್. ನಮ್ಮ ಪುಣ್ಯ.

ಅವತ್ತು ಮರದ ಮನೆಯಲ್ಲಿ ಅವಳ ಕೈಗೆ ಐಸ್ ಒತ್ತುತ್ತಾ ಫ್ರಾವ್ ಬ್ರೆಂಡ್ಲೆ ಮೆಲ್ಲಗೆ ಹೇಳಿದ್ದರು: "ನನ್ನ ಕಾಗದದ ಪ್ರಕಾರ ಈ ಹುಡುಗಿ ಇವತ್ತು ಆ ಗಾಡಿಯ ಮೇಲೆ ಇರಲೇ ಇಲ್ಲ." ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆ ಮಾತಿಗೆ ನಾನು ಮುಖ ತಿರುಗಿಸಿ ಅತ್ತುಬಿಟ್ಟೆ. ಮಗಳನ್ನು ಕಾಪಾಡಲು ಹೋಗಿ ಅವಳನ್ನೇ ಲೆಕ್ಕದಿಂದ ಕೈಬಿಟ್ಟಿದ್ದೆ. ಹೆಸರು ಹೇಳದಿದ್ದರೆ ಅಪಾಯಕ್ಕೆ ವಿಳಾಸ ಸಿಗುವುದಿಲ್ಲ ಎಂದುಕೊಳ್ಳುತ್ತೇವಲ್ಲ, ನಾವೆಂಥ ಜನ?

ಇನ್ನು ಮುಂದೆ ಅವಳನ್ನು ಕಳಿಸುವುದಿಲ್ಲ ಎಂದೆ. ಅವಳು ಹೋಗಿಯೇ ಹೋಗುತ್ತೇನೆ ಎಂದಳು. ಎರಡು ದಿನ ಮನೆಯಲ್ಲಿ ಇದೇ ಜಗಳ. ಸೋತವಳು ನಾನೇ.

ಸೋಮವಾರ ಫ್ರಾವ್ ಬ್ರೆಂಡ್ಲೆಗೆ ಫೋನ್ ಮಾಡಿದೆ. ಹೆಸರು ಬದಲಿಸಬೇಕು ಎಂದೆ. ಇಲ್ಲಿ ನಮ್ಮ ಹೆಸರುಗಳನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು. ಹೇಳಿದೆ. ಅಕ್ಷರಕ್ಕೊಂದು ಸಲ ಒಳಗೊಳಗೇ ಬಿಡ್ತು ಅಂದುಕೊಂಡೆ.

"ಮೊತ್ತ ಮೊದಲಿನದೇ ಇರಲೇ?" ಎಂದು ಕೇಳಿದರು.

"ಅದೆಲ್ಲಿ ಸಾಕಾಗುತ್ತದೆ? ಬೇಡ ಬೇಡ. ಎಲ್ಲಕ್ಕಿಂತ ಮೇಲಿನದು ಹಾಕಿ."

ಅತ್ತಲಿಂದ ಅಂಕಿ ಹೇಳಿದರು. ದೊಡ್ಡ ಅಂಕಿ. ಕೇಳಿ ಧೈರ್ಯ ಬರಬೇಕಿತ್ತು, ಬರಲಿಲ್ಲ. ಅಷ್ಟು ಹಣ ಕೈಗೆ ಬರಬೇಕಾದರೆ ಏನಾಗಬೇಕು ಎಂಬುದೇ ಕಣ್ಣಿಗೆ ಕಟ್ಟಿತು. ಈ ಶನಿವಾರ ಮತ್ತೆ ಹಿಮ ಇದೆಯಂತೆ.

ಫೋನ್ ಇಟ್ಟೆ. ಅನ್ವಿತಾ ಎದುರಿಗೇ ಕೂತಿದ್ದಳು, ಒಂದು ಕೈಗೆ ಬ್ಯಾಂಡೇಜು, ಇನ್ನೊಂದರಲ್ಲಿ ಚಮಚ. ಎಲ್ಲ ಕೇಳಿಸಿಕೊಂಡಿದ್ದಳು. ಯಾವಾಗಲೂ ಮಾತಿಗೆ ಜರ್ಮನ್ ಬೆರೆಸುವವಳು ಅವತ್ತು ಬರೀ ಕನ್ನಡದಲ್ಲಿ ಕೇಳಿದಳು:

"ಅಮ್ಮಾ, ನಿನ್ನ ಹೆಸರಿದ್ದಾಗ ಅಷ್ಟು ಕಡಿಮಿ ಹೆಂಗ ಸಾಕಾಗಿತ್ತು?"