ಐದು ಕೊಟ್ಟು ಹತ್ತು ಬರೆದೆ

ಶಾಂತವ್ವ, ನಿಮ್ಮ ಸೊಸೆ ರೇಣುಕಾಗೆ ನಾನು ಕೊಟ್ಟದ್ದು ಅರ್ಧ ಔಷಧಿ. ಚೀಟಿಯಲ್ಲಿ ಬರೆದದ್ದು ಪೂರ್ತಿ. ಐದು ವರ್ಷ ಇದನ್ನು ನುಂಗಿಕೊಂಡು ನಿಮ್ಮ ಮುಖ ನೋಡಿದ್ದೇನೆ — ನಗುತ್ತಲೂ ನೋಡಿದ್ದೇನೆ, ನಾಚಿಕೆಗೆಟ್ಟವಳು.

ಆ ಮಧ್ಯಾಹ್ನ ನೀವು ಅವಳನ್ನು ಟಂಟಂ ಆಟೋದಲ್ಲಿ ನಮ್ಮ ಆರೋಗ್ಯ ಕೇಂದ್ರಕ್ಕೆ ತಂದಿರಿ. ಎಂಟು ತಿಂಗಳ ಬಸುರಿ, ಕಾಲು ಮುಖವೆಲ್ಲ ಬಾತು, ಹಲ್ಲು ಕಚ್ಚಿ ಸೆಟೆದುಕೊಂಡಿದ್ದಳು. ಫಿಟ್ಸ್ ನಿಲ್ಲಲೆಂದು ನೀವು ಹಿಡಿಸಿದ್ದ ಕಬ್ಬಿಣದ ಕೀಲಿಗೊಂಚಲು ಇನ್ನೂ ಮುಷ್ಟಿಯಲ್ಲಿತ್ತು. ಬಸುರಿಯರಿಗೆ ರಕ್ತದೊತ್ತಡ ಏರಿ ಬರುವ ಫಿಟ್ಸ್ ಅದು. ಎರಡೂ ಕುಂಡಿಗೆ ಐದೈದರಂತೆ ಹತ್ತು ಆಂಪೂಲ್, ಅಂದರೆ ಹತ್ತು ಪುಟ್ಟ ಸೀಸೆ, ಮ್ಯಾಗ್ನೀಷಿಯಂ ಚುಚ್ಚಿ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಟ್ರೇಯಲ್ಲಿದ್ದದ್ದು ಐದು. ಉಳಿದವನ್ನು ಇಂಡಿ ತಾಲೂಕು ಆಸ್ಪತ್ರೆಯಿಂದ ತರಿಸಬೇಕಾದವಳು ನಾನೇ. ನಾಳೆ ಬೇಡಿಕೆ ಬರೆದರಾಯಿತು ಎಂದು ಹದಿನೈದು ದಿನ ತಳ್ಳಿದ್ದೆ. ಐದು ಚುಚ್ಚಿದೆ. ನಮ್ಮ ಡಾಕ್ಟರು ರಜೆಯಲ್ಲಿದ್ದರು, ಕೇಳುವವರಿರಲಿಲ್ಲ. ಹತ್ತು ಎಂದು ಬರೆದೆ.

ಅಷ್ಟಕ್ಕೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ದೊಡ್ಡ ಆಸ್ಪತ್ರೆ ಮುಟ್ಟುವಾಗ ಅವಳಿಗೆ ಮತ್ತೆ ಫಿಟ್ಸ್ ಬಂದಿತ್ತು. ಹೆಚ್ಚಾದರೆ ಉಸಿರೇ ನಿಲ್ಲಿಸುವ ಔಷಧಿ ಅದು. ಅಲ್ಲಿನ ಡಾಕ್ಟರು ಖಾತ್ರಿ ಮಾಡಿಕೊಳ್ಳಲು ನನಗೆ ಫೋನ್ ಮಾಡಿದರು.

“ಪೂರ್ತಿ ಹತ್ತೂ ಕೊಟ್ಟೀರೇನ್ರಿ ಸಿಸ್ಟರ್?”

“ಹೌದ್ರಿ ಸರ್, ಕೊಟ್ಟೇನಿ.”

ಅವರು ನನ್ನ ಮಾತು ನಂಬಿ ಅದರ ಮೇಲೆ ಸ್ವಲ್ಪವೇ ಕೊಟ್ಟರಂತೆ. ಹೊಟ್ಟೆ ಕೊಯ್ದು ತೆಗೆದ ಕೂಸು ಉಳಿಯಿತು. ರೇಣುಕಾ ಮರುದಿನ ತೀರಿಕೊಂಡಳು. ಪೂರ್ತಿ ಕೊಟ್ಟಿದ್ದರೆ ಬದುಕುತ್ತಿದ್ದಳೇ? ಗೊತ್ತಿಲ್ಲ. ಆ ಪ್ರಶ್ನೆಯ ಹಿಂದೆ ಅಡಗಿಕೊಳ್ಳುವ ಹಕ್ಕೂ ನನಗಿಲ್ಲ.

ವಿಚಾರಣೆಗೆ ಬಂದವರ ಮುಂದೆ, ಮನೆಯವರೇ ತಡ ಮಾಡಿದರು, ಕೀಲಿ ಹಿಡಿಸುತ್ತ ಕೂತಿದ್ದರು ಎಂದೆ. ಕೀಲಿ ಹಿಡಿಸಲು ಎಷ್ಟು ಹೊತ್ತು ಬೇಕು? ಟಂಟಂ ಬರುವ ತನಕ ನೀವು ಇನ್ನೇನು ಮಾಡಬೇಕಿತ್ತು? ಆದರೆ ನಿಮ್ಮ ಮಗ ಆ ಮಾತು ನಂಬಿದ. ಅಂದಿನಿಂದ ಅವನು ನಿಮ್ಮೊಡನೆ ಮಾತು ಬಿಟ್ಟಿದ್ದು, ನೀವು ಬಡಿದ ರೊಟ್ಟಿ ಮುಟ್ಟದಿರುವುದು ಊರಿಗೇ ಗೊತ್ತು.

ಮೊನ್ನೆ ಮೊಮ್ಮಗಳನ್ನು ಐದು ವರ್ಷದ ಸೂಜಿಗೆ ಕರೆತಂದಿರಿ. ಅವಳು ಅಳುತ್ತಿದ್ದಾಗ ನೀವು ಮೆಲ್ಲಗೆ ಅಂದಿರಿ: “ಇವರವ್ವನ್ನ ನಾನ ಕೊಂದೆ ಅನಸ್ತೈತ್ರಿ ಬಾಯಾರ.” ನಾನು ಹುಡುಗಿಯ ತೋಳಿಗೆ ಹತ್ತಿ ಒತ್ತಿ ಹಿಡಿದಿದ್ದೆ. ಕಾರ್ಡಿನಲ್ಲಿ ತಾರೀಖು ಬರೆದು ನಿಮ್ಮ ಕೈಗಿಟ್ಟೆ.

ಶಾಂತವ್ವ, ಕೊಂದವರು ನೀವಲ್ಲ.

ನಿಮಗೆ ಓದು ಬರುವುದಿಲ್ಲ. ಭಾನುವಾರ ಬಂದು ಈ ಕಾಗದವನ್ನು ನಿಮ್ಮ ಮಗನ ಕೈಗೆ ಕೊಡುತ್ತೇನೆ. ನಿಮಗೆ ಓದಿ ಹೇಳಬೇಕಾದವನು ಅವನೇ. ಅವನು ಮುಗಿಸುವವರೆಗೆ ನಾನು ನಿಮ್ಮ ಅಂಗಳದಲ್ಲೇ ನಿಂತಿರುತ್ತೇನೆ.