ಕುದುರೆಯ ಬೆನ್ನ ಮೇಲೆ ಮರಳಿ ಬಂದ ಉಸಿರು

ಮಾವಿನ ಮರದಿಂದ ಬಿದ್ದ ದಿನ ನನಗೆ ಸೊಂಟದ ಕೆಳಗೆ ಕಾಲಿವೆಯೋ ಇಲ್ಲವೋ ತಿಳಿಯಲಿಲ್ಲ. ಅದು ಹೋದ ವರ್ಷಕ್ಕೂ ಹಿಂದಿನ ವರ್ಷದ ಮಾವಿನ ಸುಗ್ಗಿ. ಶ್ರೀನಿವಾಸಪುರದ ಹತ್ತಿರ ನಮ್ಮೂರ ಆಂಜನೇಯಸ್ವಾಮಿ ಗುಡಿಯಲ್ಲಿ ನಾನು ನಾಗಸ್ವರದವನು. ಶನಿವಾರದ ಪೂಜೆಗೆ ಊದುವುದು ತಂದೆಯ ಕಾಲದಿಂದಲೂ ನಮ್ಮ ಮನೆಯ ಸೇವೆ.

ಕೋಲಾರದ ಆಸ್ಪತ್ರೆಯಲ್ಲಿ ಬೆನ್ನಿಗೆ ಆಪರೇಷನ್ ಆಯಿತು. ಮೂಳೆ ಕೂಡಿತು, ಕಾಲಿಗೆ ಸ್ವಲ್ಪ ಶಕ್ತಿಯೂ ಬಂತು. ಆದರೆ ಗೋಡೆಗೆ ಒರಗದೆ ಕೂರಲಾಗದು; ಬಿಟ್ಟರೆ ಖಾಲಿ ಗೋಣಿಚೀಲದಂತೆ ವಾಲಿಬಿಡುತ್ತಿದ್ದೆ. ಮಲಗಿ ಮಲಗಿ ಉಸಿರೂ ಕುಗ್ಗಿತ್ತು. ವಾದ್ಯ ತುಟಿಗಿಟ್ಟರೆ ಒಂದು ಸ್ವರ ಹೊರಡುವಷ್ಟರಲ್ಲಿ ಎದೆ ಬರಿದು. ಶನಿವಾರ ಗುಡಿಯಿಂದ ಕರೆಂಟಿನ ನಗಾರಿ ಕೇಳಿಸಿದರೆ ಮುಖಕ್ಕೆ ಹೊದಿಕೆ ಎಳೆದುಕೊಳ್ಳುತ್ತಿದ್ದೆ.

ನಾಗಸ್ವರವನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಒಂದು ದಿನ ಹೆಂಡತಿ ರತ್ನಮ್ಮನಿಗೆ ಹೇಳಿದೆ.

"ಕೊಡೋದಾದ್ರೆ ಸ್ವಾಮಿ ಮುಂದೆ ನೀವೇ ಕೊಡಿ. ನಾನು ಮುಟ್ಟಲ್ಲ," ಎಂದಳು.

ಆ ಸಂಜೆ ಹಾಸಿಗೆಯಿಂದಲೇ ಕೈಮುಗಿದೆ. ನಡೆಸು ಎಂದು ಕೇಳಲಿಲ್ಲ. ನಿನ್ನೆದುರು ನೆಟ್ಟಗೆ ಕೂರಿಸಪ್ಪ, ಅಷ್ಟು ಸಾಕು ಎಂದು ಬೇಡಿಕೊಂಡೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ವ್ಯಾಯಾಮ ಮಾಡಿಸುವ ಮೇಡಂ ವೇಮಗಲ್ ಕಡೆ ಕುದುರೆಯ ಮೇಲೆ ಕೂರಿಸಿ ಚಿಕಿತ್ಸೆ ಕೊಡುವ ಜಾಗದ ವಿಷಯ ಹೇಳಿದರು. ಕುದುರೆ ನಡೆಯುವಾಗ ಅದರ ಬೆನ್ನಿನ ಅಲುಗಾಟಕ್ಕೆ ನಮ್ಮ ಸೊಂಟ, ಬೆನ್ನು ಹೊಂದಿಕೊಂಡು ಬಲ ಪಡೆಯುತ್ತವಂತೆ. ಡಾಕ್ಟರೂ ಒಪ್ಪಿದರು. ಮರದಿಂದ ಬಿದ್ದವನನ್ನು ಕುದುರೆ ಹತ್ತಿಸುವುದೇ ಎಂದು ನನಗೆ ಮಾತ್ರ ನಡುಕ.

ಅಲ್ಲಿದ್ದದ್ದು ರಾಣಿ ಎಂಬ ಬಿಳಿ ಹೆಣ್ಣುಕುದುರೆ. ಅದರ ಹಗ್ಗ ಹಿಡಿಯುವವರು ಸಲೀಂ ಭಾಯಿ. ಅಲ್ಲಿನ ಇಬ್ಬರು ಸಹಾಯಕರು ಎತ್ತರದ ಕಟ್ಟೆಯಿಂದ ನನ್ನನ್ನು ಅದರ ಬೆನ್ನಿಗೆ ದಾಟಿಸಿ ಎರಡೂ ಪಕ್ಕದಲ್ಲಿ ಸೊಂಟ ಹಿಡಿದುಕೊಂಡರು. ನಾನು ಕಣ್ಣು ಮುಚ್ಚಿಬಿಟ್ಟೆ.

"ನೀವು ಹೆದರಿದ್ರೆ ಅದ್ಕೆ ಗೊತ್ತಾಗ್ತದೆ ಅಣ್ಣಾ. ಉಸ್ರು ಬಿಡಿ, ಅದೂ ಬಿಡ್ತದೆ," ಎಂದರು ಸಲೀಂ ಭಾಯಿ. ನಾನು ಉಸಿರು ಬಿಟ್ಟೆ. ರಾಣಿಯೂ ಬುಸ್ಸೆಂದಿತು.

ಅಲ್ಲಿಂದ ವಾರವಾರವೂ ಬಸ್ಸಿನ ಪ್ರಯಾಣ. ರತ್ನಮ್ಮ ಹಿಂದಿನಿಂದ ನೂಕಿದರೆ ಕಂಡಕ್ಟರು ಬಗಲಿಗೆ ಕೈಕೊಟ್ಟು ಮೇಲೆಳೆದುಕೊಳ್ಳುತ್ತಿದ್ದರು. ಎಷ್ಟೋ ಸಲ ಸಾಕೆನಿಸಿತು, ಅವಳು ಬಿಡಲಿಲ್ಲ.

ಮಳೆಗಾಲ ಕಳೆದು ಒಂದು ಬೆಳಿಗ್ಗೆ ರಾಣಿಯ ಮೇಲೆ ಸುತ್ತುತ್ತಿದ್ದಾಗ, ನನ್ನನ್ನು ನೋಡಲು ಬಂದಿದ್ದ ಆಸ್ಪತ್ರೆಯ ಮೇಡಂ ಏನಾದರೂ ಹಾಡಿಕೊಳ್ಳಿ ಎಂದರು. ಮೋಹನ ರಾಗ ಗುನುಗತೊಡಗಿದೆ. ರಾಣಿಯ ಹೆಜ್ಜೆಯೇ ತಾಳವಾಯಿತು. ಮೇಲಿನ ಷಡ್ಜಕ್ಕೆ ಏರಿ ನಿಂತೆ. ಉಸಿರು ತುಂಡಾಗಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ರತ್ನಮ್ಮ ಎದ್ದು ನಿಂತಳು.

"ರೀ, ನೆಟ್ಟಗೆ ಕೂತಿದ್ದೀರಿ ನೋಡ್ಕೊಳ್ಳಿ," ಎಂದಳು. ಪಕ್ಕದವರ ಕೈ ನನ್ನ ಸೊಂಟವನ್ನು ಬಿಟ್ಟಿದ್ದದ್ದು ನನಗೆ ಆಗಲೇ ತಿಳಿದದ್ದು.

ಕಳೆದ ಹನುಮಜಯಂತಿಗೆ ಗುಡಿಯ ಮಂಟಪದ ನಡುವೆ ಚಾಪೆ ಹಾಸಿಸಿ ಕೂತೆ. ಒರಗಲು ಏನೂ ಇರಲಿಲ್ಲ. ಮಹಾಮಂಗಳಾರತಿ ಮುಗಿಯುವವರೆಗೂ ಊದಿದೆ. ಕಣ್ಣಲ್ಲಿ ನೀರಿಳಿದರೂ ಸ್ವರ ಬಿಡಲಿಲ್ಲ. ಅರ್ಚಕರು ಸ್ವಾಮಿಯ ಕೊರಳ ಹಾರ ತಂದು ನನಗೆ ಹಾಕಿದರು. ಮಾರನೆಯ ದಿನ ರತ್ನಮ್ಮ ಅದನ್ನು ಒಯ್ದು ರಾಣಿಗೆ ಹಾಕಿದಳು. ರಾಣಿ ಅರ್ಧ ಹಾರವನ್ನು ತಿಂದೇಬಿಟ್ಟಿತು. ಸಲೀಂ ಭಾಯಿ ನಕ್ಕು ನಕ್ಕು ಸುಸ್ತಾದರು.

ಇವತ್ತಿಗೂ ಕೋಲು ಹಿಡಿದೇ ನಡೆಯುತ್ತೇನೆ. ಕೊರಗಿಲ್ಲ. ನಾನು ಬೇಡಿದ್ದನ್ನು ಸ್ವಾಮಿ ಕುದುರೆಯ ಬೆನ್ನ ಮೇಲೆ ಕೂರಿಸಿ ಕೊಟ್ಟ. ಕಾಲು ಸೋತವರೇ, ಮನಸ್ಸು ಸೋತವರೇ, ವೈದ್ಯರ ಮಾತು ಕೇಳಿ, ಆ ತಂದೆಯ ಕೈ ಬಿಡಬೇಡಿ. ಒಂದು ಶನಿವಾರ ನಮ್ಮೂರಿಗೆ ಬನ್ನಿ. ಗುಡಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ, ಬಸ್ಸು ಇಳಿದರೆ ನನ್ನ ನಾಗಸ್ವರ ಕೇಳಿಸುತ್ತದೆ.