ಗಂಟಿಲ್ಲದ ಹಗ್ಗ

ಮೂರು ದಿನದಿಂದ ಜನೆಲ್ ಯಾರ ಮುಖವನ್ನೂ ನೆಟ್ಟಗೆ ನೋಡಿರಲಿಲ್ಲ. ಅಮೆರಿಕದ ಮೇನ್ ಕರಾವಳಿಯ ಆ ಪುಟ್ಟ ಬಂದರಿನಲ್ಲೇ ಹುಟ್ಟಿ, ಲಾಬ್‌ಸ್ಟರ್ ಹಿಡಿಯುವ ಬೋನಿಗೆ ಎರೆಯಾಗಿ ಹಾಕುವ ಹೆರಿಂಗ್ ಮೀನು ಮಾರಿಕೊಂಡು ಐದು ವರ್ಷದ ಮಗಳನ್ನು ಸಾಕುತ್ತಿದ್ದವಳು ಅವಳು. ಬಾಯಿ ಮಾತ್ರ ಕೈಗಿಂತ ಮುಂದೆ.

ಪಕ್ಕದ ಬಂದರಿನ ರಾಯ್ಸ್ ಇವರ ನೀರಿಗೆ ಬೋನು ಇಳಿಸಿದ್ದ. ಅಲ್ಲಿನ ರೂಢಿಯಂತೆ ಹೊರಗಿನವನಿಗೆ ಮೊದಲು ಎಚ್ಚರಿಕೆ: ಬೋನಿನ ಜಾಗ ತೋರಿಸುವ ತೇಲುಬುರುಡೆಯ ಹಗ್ಗಕ್ಕೆ ಎರಡು ಗಂಟು. ಕೇಳದಿದ್ದರೆ ಕೊಯ್ಯುವುದು, ಬೋನು ಸಮುದ್ರದ ತಳದಲ್ಲೇ ಉಳಿಯುತ್ತದೆ. ಚಿಕ್ಕಪ್ಪನ ಮಗ ಡ್ವೈಟ್ ಗಂಟು ಹಾಕಿಬಂದಿದ್ದ. ರಾಯ್ಸ್ ಜಗ್ಗಲಿಲ್ಲ. ಒಬ್ಬೊಬ್ಬರ ಬುರುಡೆಗೆ ಒಂದೊಂದು ಬಣ್ಣ; ಅವನದು ಕೆಂಪು ಪಟ್ಟಿ.

ಮೂರು ದಿನದ ಹಿಂದಿನ ಆ ಬೆಳಿಗ್ಗೆ ಡ್ವೈಟ್ ದೋಣಿಯಿಂದ ಫೋನ್ ಮಾಡಿದ. "ಕೆಂಪು ಪಟ್ಟಿ ಯಾವುದೇ?"

ಜನೆಲ್ ಧಕ್ಕೆಯ ಮೇಲೆ ನಿಂತು ದುರ್ಬೀನು ಹಿಡಿದಳು. "ನಿನ್ನ ಬಲಗಡೆ ಸಾಲು, ಹನ್ನೊಂದೂ."

"ಇದರ ಹಗ್ಗಕ್ಕೆ ಗಂಟೇ ಇಲ್ವಲ್ಲೇ?"

"ಬಿಚ್ಕೊಂಡಿರ್ತಾನೆ ಬಿಡೋ! ಇನ್ನೂ ಏನ್ ಪೂಜೆ ಮಾಡ್ತಿದೀಯ? ಕೊಯ್ದು ಬಿಸಾಕು!"

ಆ ಹನ್ನೊಂದೂ ಆಲ್ವೀನಾಳವು. ಗಂಡ ಸತ್ತ ಮೇಲೆ ಈ ವಸಂತದಲ್ಲಿ ಮತ್ತೆ ಸಮುದ್ರಕ್ಕಿಳಿದ, ಊರೆಲ್ಲ ಅತ್ತೆ ಎಂದೇ ಕರೆಯುವ ಮುದುಕಿ, ತನ್ನ ಬುರುಡೆಗಳ ಹಳದಿ ಅಳಿಸಿ ಅವನ ಹಳೆಯ ಕೆಂಪು ಪಟ್ಟಿಯನ್ನೇ ಬಳಿದಿದ್ದಳು. ಮಗಳನ್ನು ಶಾಲೆಗೆ ಬಿಡುವಾಗ ಬೇಲಿಯ ಮೇಲೆ ಅವು ಒಣಗುತ್ತಿದ್ದುದನ್ನು ಜನೆಲ್ ಕಂಡಿದ್ದಳು. ಕಂಡೂ ಮರೆತಿದ್ದಳು.

ಡ್ವೈಟ್ ಸಿಕ್ಕಿಬಿದ್ದ. "ನಾನೊಬ್ಬನೇ ಮಾಡಿದ್ದು" ಅಂದುಬಿಟ್ಟ. ಮೂರು ವರ್ಷ ಅವನ ಲೈಸೆನ್ಸ್ ಹೋಗುವ ಮಾತಿತ್ತು. ವಿಚಾರಣೆ ನಾಳೆ.

ಕಡಲ ಕಾವಲಿನ ಅಧಿಕಾರಿ ಜನೆಲ್‌ಳ ಅಂಗಡಿಗೂ ಬಂದಿದ್ದ. "ನೋಡಮ್ಮಾ, ಸುಮ್ನೆ ನಿಂತು ನೋಡಿದ್ರೆ ಅಪರಾಧ ಅಲ್ಲ. ತೋರಿಸಿಕೊಟ್ಟು, ಕೊಯ್ಯಿ ಅಂತ ಹುರಿದುಂಬಿಸಿದ್ರೆ, ಕತ್ತಿ ಹಿಡಿದವನಿಗೂ ಹೇಳಿದವರಿಗೂ ಕಾನೂನು ಭೇದ ಮಾಡಲ್ಲ. ನಿನಗೇನಾದ್ರೂ ಗೊತ್ತಾ?"

"ನನಗೇನು ಗೊತ್ತು!" ಅಂದಿದ್ದಳು. ಮಗಳು ಪಕ್ಕದಲ್ಲೇ ಇದ್ದಳು. ಅವನು ಹೋದ ಮೇಲೆ, "ಅಮ್ಮಾ, ಡ್ವೈಟ್ ಮಾಮ ಕೆಟ್ಟವನಾ?" ಅಂತ ಕೇಳಿತು ಮಗು. ಜನೆಲ್ ಅದರ ಜಡೆ ಬಿಚ್ಚಿ ಮತ್ತೆ ಹೆಣೆದಳು. ತನ್ನನ್ನು ಒಯ್ದುಬಿಟ್ಟರೆ ಇದರ ತಲೆ ಬಾಚುವವರಾರು? ಆ ಭಯ ಸುಳ್ಳಲ್ಲ. ಆದರೆ ಅದರ ಸೆರಗಿನಲ್ಲಿ ತಾನು ಅಡಗಿಕೊಂಡಿದ್ದೂ ಸುಳ್ಳಲ್ಲ.

ವಿಚಾರಣೆಯ ಹಿಂದಿನ ಸಂಜೆ ಆಲ್ವೀನಾಳ ಅಂಗಳಕ್ಕೆ ಹೋದಳು. ಮುದುಕಿ ಹೊಸ ಬುರುಡೆಗಳಿಗೆ ಕೆಂಪು ಬಳಿಯುತ್ತಿದ್ದಳು.

"ಅತ್ತೆ, ಅವತ್ತು..." ಅಂತ ಶುರುಮಾಡಿದಳು.

"ಆ ಡ್ವೈಟ್ ಕಣ್ಣಿಗೆ ಹುಟ್ಟಿದಾಗಿಂದ ಕೆಂಪು-ಹಸಿರು ಒಂದೇ," ಅಂದಳು ಆಲ್ವೀನಾ, ಕುಂಚ ನಿಲ್ಲಿಸದೆ. "ಅದಕ್ಕೇ ಅವನ ಬುರುಡೆಗೆ ಕಪ್ಪು-ಬಿಳಿ. ಇಡೀ ಬಂದರಿಗೆ ಗೊತ್ತು. ಕೆಂಪೇ ಆರಿಸಿ ಹನ್ನೊಂದು ಕೊಯ್ಯೋಕೆ ಅವನಿಗೆ ಕಣ್ಣು ಸಾಲ ಕೊಟ್ಟೋರು ಯಾರು ಅಂತ ನಾನು ಕೇಳಬೇಕಾ?"

ಜನೆಲ್‌ಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೂರು ದಿನ ಇಡೀ ಊರು ತನ್ನಲ್ಲಿ ಮೀನು ಕೊಂಡು, "ಬರ್ತೀವಮ್ಮಾ" ಅಂತ ಹೋಗಿತ್ತು. ಎಲ್ಲರಿಗೂ ಗೊತ್ತಿತ್ತು.

"ಅಧಿಕಾರಿಗೆ ಯಾಕೆ ಹೇಳಲಿಲ್ಲ ಅತ್ತೆ?"

"ನಾನ್ಯಾಕೆ ಹೇಳಲಿ? ಅವತ್ತು ಧಕ್ಕೆ ಮೇಲೆ ಅಷ್ಟು ಜೋರಾಗಿತ್ತಲ್ಲ ನಿನ್ ಬಾಯಿ, ಅದಕ್ಕೇನಾಗಿದೆ?"

ಜನೆಲ್ ಅಲ್ಲೇ, ಮುದುಕಿಯ ಎದುರಿಗೇ, ಅಧಿಕಾರಿಗೆ ಫೋನ್ ಹಚ್ಚಿದಳು. "ಬಣ್ಣ ತೋರಿಸಿದ್ದು ನಾನು ಸಾರ್. ಗಂಟಿಲ್ಲ ಅಂತ ಅವನು ತಡೆದ. ಕೊಯ್ಯಿ ಅಂದಿದ್ದು ನಾನೇ."

ಮಾತು ಮುಗಿದಾಗ ಆಲ್ವೀನಾ ತಲೆಯೆತ್ತದೆ ಇನ್ನೊಂದು ಕುಂಚವನ್ನು ಅವಳತ್ತ ಸರಿಸಿದಳು. ಜನೆಲ್ ಕೂತಳು. ತಲೆಯೆತ್ತುವ ಧೈರ್ಯ ಅವಳಿಗಿನ್ನೂ ಇರಲಿಲ್ಲ.